ಇದ್ದಲು ಬಸ್ಸು ಮತ್ತು ದಫೇದಾರ್ ಗಂಗುಲಪ್ಪನವರು

ಹೋಳೂರಿನಲ್ಲಿ ದಫೇದಾರ್ ಗಂಗುಲಪ್ಪನವರು ಎಂಬುವರೊಬ್ಬರಿದ್ದರು ಎಂದು ಶುರುಮಾಡಿದರೆ, ಹೋಳೂರಿನವರೇ "ಯಾರು?" ಎಂದು ಕೇಳಿಯಾರು. ಅದರಲ್ಲಿ ಹೋಳೂರಿನ ತಪ್ಪೇನೂ ಇಲ್ಲ. ಗಂಗುಲಪ್ಪನವರು ಮೂವತ್ತು ವರ್ಷ ಶ್ರೀನಿವಾಸಪುರದ ತಾಲ್ಲೂಕು ಕಚೇರಿಯ ಬಾಗಿಲಲ್ಲಿ ನಿಂತು, "ಸಾಹೇಬರು ಕೆಲಸದಲ್ಲಿದ್ದಾರೆ, ಆಮೇಲೆ ಬನ್ನಿ" ಎಂದು ಬಂದವರನ್ನೆಲ್ಲ ಹಿಂದಕ್ಕೆ ಕಳಿಸಿದವರು. ಪೆನ್ಷನ್ ಪಡೆದು ಊರಿಗೆ ಬಂದ ಮೇಲೆ, ತಮ್ಮ ಬಾಗಿಲಿಗೂ ಯಾರಾದರೂ ಬಂದಾರೆಂದು ಆರು ವರ್ಷ ಕಾದರು. ಮೂವತ್ತು ವರ್ಷ ಹಿಂದಕ್ಕೆ ಹೋದ ಜನ ಇನ್ನೂ ಹಿಂದಕ್ಕೇ ಹೋಗುತ್ತಿದ್ದರೋ ಏನೋ, ಒಬ್ಬರೂ ಬರಲಿಲ್ಲ.

ಹೆಂಡತಿ ಪೆನ್ಷನ್ನಿಗೆ ಮುಂಚೆಯೇ ತೀರಿಕೊಂಡಿದ್ದರು. ಮಕ್ಕಳಿರಲಿಲ್ಲ. ಬೆಳಗ್ಗೆ ಎದ್ದು ತಣ್ಣೀರು ಸುರಿದುಕೊಂಡು, ಆಂಜನೇಯನ ಗುಡಿಗೆ ಹೋಗಿ ಬಂದು, ಒಂದು ಮುದ್ದೆ ತಿರುವಿ, ಅರ್ಧ ತಿಂದು, ಅರ್ಧವನ್ನು ಸಂಜೆಗೆ ಮುಚ್ಚಿಟ್ಟು, ಕಂಚಿನ ಗುಂಡಿಯ ಕೋಟು ತೊಟ್ಟು, ಜರಿ ಅಂಚಿನ ಪೇಟ ಸುತ್ತಿ ಜಗಲಿಯ ಮೇಲೆ ಕೂರುತ್ತಿದ್ದರು. ಸಾಯಂಕಾಲ ಗುಡಿಯಲ್ಲಿ ಪುರಾಣ. ಓದುವವರು ಮಂಗಳ ಹಾಡಿ ಪುಸ್ತಕ ಕಟ್ಟಿಟ್ಟ ಮೇಲೂ ಗಂಗುಲಪ್ಪನವರು ಕಂಬಕ್ಕೊರಗಿ ಕಣ್ಣು ಮುಚ್ಚಿ ಕೂತೇ ಇರುತ್ತಿದ್ದರು. "ಏನು ಭಕ್ತಿ!" ಎಂದು ಅರ್ಚಕರು ಮೆಚ್ಚುತ್ತಿದ್ದರು. ಮನೆಗೆ ಹೋಗಲು ಅವಸರವಿಲ್ಲದವರ ಭಕ್ತಿ ಯಾವಾಗಲೂ ಒಂದು ತೂಕ ಹೆಚ್ಚಾಗಿಯೇ ಕಾಣುತ್ತದೆ.

ಹೀಗಿರುವಾಗ ಎಲ್ಲೋ ಸಮುದ್ರದಾಚೆ ನಡೆಯುತ್ತಿದ್ದ ಯುದ್ಧ ಹೋಳೂರಿನ ಪೆಟ್ರೋಲನ್ನು ಕುಡಿದುಹಾಕಿತು. ಕೋಲಾರಕ್ಕೂ ಶ್ರೀನಿವಾಸಪುರಕ್ಕೂ ನಡುವೆ ಓಡಾಡುತ್ತಿದ್ದದ್ದು ದೊಡ್ಡನಾರಾಯಣಪ್ಪನವರ ಶ್ರೀ ಗರುಡಗಂಬ ಮೋಟಾರ್ ಸರ್ವೀಸಿನ ನಾಲ್ಕು ಬಸ್ಸು. ಗರುಡಗಂಬವೆಂದರೆ ನಿಂತಲ್ಲೇ ನಿಲ್ಲುವ ವಸ್ತು. ಕಂಪೆನಿಗೆ ಹೆಸರಿಟ್ಟವರು ಮುಂದಾಗುವುದನ್ನು ಬಲ್ಲವರೇ ಇರಬೇಕು. ನಾಲ್ಕೂ ಹುಣಸೆ ಮರದ ಕೆಳಗೆ ನಿಂತವು. ಡ್ರೈವರನ ಸೀಟಿನಲ್ಲಿ ಕೋಳಿ ಕಾವಿಗೆ ಕೂತಿತು. ಹೋಳೂರಿನ ಬಸುರಿಯರು ಕೋಲಾರದ ಆಸ್ಪತ್ರೆಗೆ ಎತ್ತಿನ ಗಾಡಿಯಲ್ಲಿ ಹೊರಟು ದಾರಿಯಲ್ಲೇ ಹೆತ್ತು ವಾಪಸ್ಸು ಬರತೊಡಗಿದರು.

ಕಡೆಗೆ ದೊಡ್ಡನಾರಾಯಣಪ್ಪನವರು ಗಟ್ಟಿಮನಸ್ಸು ಮಾಡಿ, ಒಂದು ಬಸ್ಸನ್ನು ಬೆಂಗಳೂರಿಗೆ ಎಳೆಸಿಕೊಂಡು ಹೋಗಿ, ಅದರ ಬೆನ್ನಿಗೆ ಇದ್ದಲಿನ ಯಂತ್ರ ಕಟ್ಟಿಸಿಕೊಂಡು ಬಂದರು. ಯಂತ್ರವೆಂದರೆ ಬಚ್ಚಲ ಹಂಡೆಯ ಹಿರಿಯಣ್ಣನಂಥದೊಂದು ಕಬ್ಬಿಣದ ಪೀಪಾಯಿ. ಮೇಲಿನ ಮುಚ್ಚಳ ತೆಗೆದು ಇದ್ದಲು ಸುರಿಯಬೇಕು, ಕೆಳಗೆ ಬೆಂಕಿ ಹಾಕಬೇಕು, ಪಕ್ಕದ ಚಕ್ರವನ್ನು ಅರ್ಧ ಗಂಟೆ ತಿರುಗಿಸಿ ಗಾಳಿ ಊದಬೇಕು. ಆಮೇಲೆ ಅದರ ಹೊಗೆ ಇಂಜಿನಿಗೆ ಹೋಗಿ, ಬಸ್ಸಿಗೆ ಮನಸ್ಸಿದ್ದರೆ ಹೊರಡುತ್ತದೆ. ತಾಲ್ಲೂಕಿನ ಅಧಿಕಾರಿ ಅಮಲ್ದಾರರು ಅಪ್ಪಣೆ ಕೊಟ್ಟರು: "ಮೊದಲು ಈ ಒಂದೇ ಬಸ್ಸು ಒಂದು ತಿಂಗಳು ಓಡಲಿ, ಜನರನ್ನು ಕೂರಿಸಿಕೊಂಡೇ ಓಡಲಿ. ನಾನು ಬಂದು ನೋಡುತ್ತೇನೆ. ಸರಿ ಕಂಡರೆ ಮಿಕ್ಕ ಮೂರಕ್ಕೂ ಹಂಡೆ ಕಟ್ಟಿಸಿ. ಇಲ್ಲದಿದ್ದರೆ ಲೈನು ಮುಚ್ಚಿ."

ಮೊದಲ ದಿನ ಬಸ್ಸು ಹೋಳೂರಿನಲ್ಲಿ ಬುಸುಗುಡುತ್ತ ನಿಂತಾಗ ಊರಿಗೆ ಊರೇ ಸೇರಿತ್ತು. ಹತ್ತಿದವರು ಮಾತ್ರ ಯಾರೂ ಇಲ್ಲ.

"ಏನ್ಲಾ ಅಶ್ವತ್ಥಾ," ಎಂದು ಡ್ರೈವರ್ ಅಶ್ವತ್ಥಪ್ಪನನ್ನು ಕೇಳಿದ್ದು ಮುನಿಯಲ್ಲಪ್ಪ. ಗಂಗುಲಪ್ಪನವರ ಎಡಪಕ್ಕದ ಮನೆಯವನು, ಊರಿನ ಸಕಲ ವಿಚಾರಗಳಲ್ಲೂ ಮೊದಲು ಬಾಯಿ ಹಾಕುವವನು. "ಬೆಂಕಿ ಇಟ್ಕೊಂಡು ಜನಾನ ಎಲ್ಲಿಗಪ್ಪಾ ಸಾಗಿಸ್ತಿದೀಯ?"

"ಕೋಲಾರಕ್ಕೆ ಮಾವ."

"ಬೆಂಕಿ ಜತೇಲಿ ಮನುಷ್ಯ ಹೋಗೋದು ಒಂದೇ ಊರಿಗೆ ಕಣೋ. ಅದು ಕೋಲಾರ ಅಲ್ಲ."

"ಅಯ್ಯೋ ಮಾವ, ಹೆಣ ಹೋಗೋವಾಗ ಬೆಂಕಿ ಮುಂದೆ ಇರುತ್ತೆ. ಇದು ಹಿಂದೆ ಇದೆ, ನೋಡು ಬಾ."

"ಹಿಂದೆ ಇದ್ರೆ ಇನ್ನೂ ಕೆಟ್ಟದ್ದು. ಮುಂದಿರೋ ಬೆಂಕಿ ದಾರಿ ತೋರ್ಸುತ್ತೆ. ಹಿಂದಿರೋದು ಅಟ್ಟಿಸ್ಕೊಂಡು ಬರುತ್ತೆ!"

ಈ ಶಾಸ್ತ್ರವಾಕ್ಯವನ್ನು ತಲೆಯ ಮೇಲೆ ಹೊತ್ತು ಊರು ಮನೆಗೆ ಹೋಯಿತು. ಮೂರು ದಿನ ಬಸ್ಸು ಖಾಲಿ ಹೋಗಿ ಖಾಲಿ ಬಂತು. ನಾಲ್ಕನೆಯ ದಿನ ದೊಡ್ಡನಾರಾಯಣಪ್ಪನವರೇ ಹೋಳೂರಿಗೆ ಬಂದು, ಅರಳಿಕಟ್ಟೆಯ ಮೇಲೆ ಕೂತು, ಹತ್ತು ಜನರ ಎದುರಿಗೆ ಹಣೆ ಒತ್ತಿಕೊಂಡರು.

"ಒಬ್ಬ ಮನುಷ್ಯ ಬೇಕು ಕಣ್ರಯ್ಯಾ. ದಿನಾ ಕೂತು ಹೋಗಿ ಬರ್ಬೇಕು. ಅವನು ಬದುಕಿರೋದು ನೋಡಿ ಮಿಕ್ಕೋರು ಹತ್ತುತಾರೆ. ಆದ್ರೆ, ಹಿಂದೆ ಮುಂದೆ ಯಾರೂ ಇಲ್ಲದೋನಾಗಿರ್ಬೇಕು. ನಾಳೆ ಆ ಹಂಡೆ ಸಿಡೀತು ಅನ್ನಿ, ಹೆಂಡ್ತಿ ಮಕ್ಳು ಬಂದು ನನ್ ಮನೆ ಮುಂದೆ ಮಣ್ಣು ತೂರಬಾರದು."

ಹತ್ತು ಜನರೂ ಒಬ್ಬರ ಮುಖ ಒಬ್ಬರು ನೋಡಿಕೊಳ್ಳಲಿಲ್ಲ. ಹತ್ತು ತಲೆಗಳೂ ಒಂದೇ ಸಲ, ಒಂದೇ ಕಡೆಗೆ ತಿರುಗಿದವು. ಅಲ್ಲಿ ಜಗಲಿಯ ಮೇಲೆ ಜರಿಪೇಟ ಹೊಳೆಯುತ್ತಿತ್ತು.

ದೊಡ್ಡನಾರಾಯಣಪ್ಪನವರು ಸುಳ್ಳು ಹೇಳುವವರಲ್ಲ. ಅಂದು ಶನಿವಾರ ಬೇರೆ, ಆಂಜನೇಯನ ದಿನ. ಜಗಲಿಯ ಮುಂದೆ ನಿಂತು ಕೈಮುಗಿದು, "ದಫೇದಾರ್ರೇ, ಈ ಕೆಲಸಕ್ಕೆ ಊರಲ್ಲಿ ನೀವೊಬ್ಬರೇ ಸರಿ. ಬೇರೆ ಎಲ್ಲರಿಗೂ ಒಂದಲ್ಲ ಒಂದು ತೊಡಕಿದೆ. ನಿಮಗೆ ಯಾವುದೂ ಇಲ್ಲ" ಎಂದರು.

ಗಂಗುಲಪ್ಪನವರು ಗುಂಡಿಗಳನ್ನು ಒಂದೊಂದಾಗಿ ಮುಟ್ಟಿ ನೋಡಿಕೊಂಡರು. "ಅಂದ್ರೆ, ಯಾರ ಕಡೆಗೂ ವಾಲದ ಮನುಷ್ಯ ಬೇಕು ಅನ್ನಿ."

"ಹಾಗೇ ಅಂದ್ಕೊಳ್ಳಿ."

"ಅನುಭವಸ್ಥ ಬೇಕು."

"ಅದೂ ಆಯ್ತು."

"ಸರ್ಕಾರದ ಕೆಲಸ ಮಾಡಿದೋನಾದ್ರೆ ಇನ್ನೂ ಮೇಲು. ಅಮಲ್ದಾರ್ರ ಮುಂದೆ ಮಾತಾಡೋಕೆ ಬರ್ಬೇಕಲ್ಲ."

"ನೀವು ಮಾತಾಡೋದೇನೂ ಬೇಡ ಸ್ವಾಮಿ, ಸುಮ್ನೆ ಕೂತಿದ್ರೆ ಸಾಕು" ಎಂದು ಹೇಳಿ, ಮಾಲೀಕರು ನೆಲ ನೋಡುತ್ತ ಹೊರಟುಹೋದರು. ಅವರ ಸಂಕೋಚವನ್ನು ಗಂಗುಲಪ್ಪನವರು ವಿನಯವೆಂದು ಓದಿಕೊಂಡರು.

ಮರುದಿನ ಬೆಳಗ್ಗೆ ಅವರು ಪೇಟದ ಕಡೆಯ ಸುತ್ತು ಸುತ್ತುತ್ತಿರುವಾಗ ಬಾಗಿಲಲ್ಲಿ ನೆರಳು ಬಿತ್ತು. ಬಲಪಕ್ಕದ ಮನೆಯ ಆವಲಮ್ಮ. ಹನ್ನೊಂದು ಜನರ ಸಂಸಾರ ಆಳುವ ಹೆಂಗಸು. ಆರು ವರ್ಷದಲ್ಲಿ ಗೋಡೆಯಾಚೆಯಿಂದ ಅವರ ದನಿ ಕೇಳಿತ್ತೇ ಹೊರತು ಕಾಲು ಈಚೆ ಬಿದ್ದಿರಲಿಲ್ಲ. ಕೈಯಲ್ಲಿ ತಟ್ಟೆ, ತಟ್ಟೆಯಲ್ಲಿ ಎರಡು ಅಕ್ಕಿರೊಟ್ಟಿ, ರೊಟ್ಟಿಯ ಮೇಲೆ ಬೆಣ್ಣೆ, ಕಣ್ಣಲ್ಲಿ ನೀರು.

"ತಿನ್ನಪ್ಪಾ, ಹೊಟ್ಟೆ ತುಂಬ ತಿನ್ನು. ಖಾಲಿ ಹೊಟ್ಟೇಲಿ ಹೋಗ್ಬಾರದು."

"ಯಾಕಮ್ಮಾ ಕಣ್ಣಲ್ಲಿ ನೀರು?"

"ಹೊಗೆ ಕಣಪ್ಪ. ಒಲೆ ಹೊಗೆ."

"ಸರಿ, ನಾನು ಹೋಗ್ತೀನಿ."

"ಅಯ್ಯೋ, ಹಂಗನ್ಬೇಡ!" ಆವಲಮ್ಮ ತಟ್ಟೆಯನ್ನೇ ಎತ್ತಿ ಅವರ ಬಾಯಿಗೆ ಅಡ್ಡ ಹಿಡಿದರು. "ಹೋಗಿ ಬರ್ತೀನಿ ಅನ್ನು. ಮೂರು ಸಲ ಅನ್ನು."

ಗಂಗುಲಪ್ಪನವರು ಮೂರು ಸಲ ಅಂದರು. ಅರಳಿಕಟ್ಟೆಯವರೆಗೆ ಆವಲಮ್ಮ, ಇಬ್ಬರು ಸೊಸೆಯರು, ಆರು ಮೊಮ್ಮಕ್ಕಳು ಮೆರವಣಿಗೆಯಂತೆ ಬಂದು ಬೀಳ್ಕೊಟ್ಟರು. ಬಸ್ಸು ಕಣ್ಮರೆಯಾಗುವ ತನಕ ಆವಲಮ್ಮ ಸೆರಗು ಬಾಯಿಗೊತ್ತಿಕೊಂಡು ಅತ್ತರು. ಗಂಗುಲಪ್ಪನವರು ಮುಂದಿನ ಸೀಟಿನಲ್ಲಿ ಬೆನ್ನು ನೆಟ್ಟಗೆ ಮಾಡಿ ಕೂತು, "ಹುದ್ದೆ ಅಂದ್ರೆ ಹಿಂಗೆ ಕಣೋ ಅಶ್ವತ್ಥ. ಮೂವತ್ತು ವರ್ಷ ಬಾಗಿಲಲ್ಲಿ ನಿಂತಿದ್ದೆ, ಯಾರೂ ಅಳ್ಲಿಲ್ಲ" ಎಂದರು. ಅಶ್ವತ್ಥಪ್ಪ ರಸ್ತೆಯನ್ನೇ ನೋಡುತ್ತ ಬಸ್ಸು ಓಡಿಸಿದ.

ಬಸ್ಸು ಸಿಡಿಯಲಿಲ್ಲ. ಗಂಗುಲಪ್ಪನವರು ಕೂರತೊಡಗಿದ ಐದನೆಯ ದಿನಕ್ಕೆ ಇಬ್ಬರು, ಹತ್ತನೆಯ ದಿನಕ್ಕೆ ಎಂಟು ಜನ ಹತ್ತಿದರು. ಹತ್ತುವವರೆಲ್ಲ ಮೊದಲು ಮುಂದಿನ ಸೀಟಿಗೆ ಇಣುಕಿ ನೋಡಿ, ಪೇಟ ಅಲ್ಲಾಡುತ್ತಿದೆಯೆಂದು ಖಾತ್ರಿ ಮಾಡಿಕೊಂಡೇ ಕೂರುತ್ತಿದ್ದರು. ಶ್ರೀನಿವಾಸಪುರದಲ್ಲಿ ಹತ್ತುವ ವೀಳ್ಯದೆಲೆ ವ್ಯಾಪಾರಿಯೊಬ್ಬ ದಿನವೂ ತೆಲುಗಿನಲ್ಲಿ, "ಏಂ ದಫೇದಾರ್ ಗಾರೂ, ಬತಿಕೇ ಉನ್ನಾರಾ?" ಎನ್ನುತ್ತಿದ್ದ. ಬದುಕೇ ಇದ್ದೀರಾ ಎಂದು ಅದರ ಅರ್ಥ. ಆ ಕಡೆಯವರು ಕ್ಷೇಮ ವಿಚಾರಿಸುವ ರೀತಿಯೇ ಹೀಗಿರಬೇಕೆಂದು ಗಂಗುಲಪ್ಪನವರು, "ನಿಮ್ಮ ಆಶೀರ್ವಾದ" ಎಂದು ಕೈಮುಗಿಯುತ್ತಿದ್ದರು.

ದಿಬ್ಬ ಬಂದಾಗ ಬಸ್ಸಿಗೆ ಉಬ್ಬಸ ಬರುತ್ತಿತ್ತು. ಎಲ್ಲರೂ ಇಳಿದು ತಳ್ಳಬೇಕು. ಗಂಗುಲಪ್ಪನವರು ಮಾತ್ರ ಇಳಿಯುತ್ತಿರಲಿಲ್ಲ.

"ನೀವೂ ಇಳೀರಿ ಸ್ವಾಮಿ, ಭಾರ ಆಗುತ್ತೆ."

"ನಾನಿಳಿದ್ರೆ ಪರೀಕ್ಷೆ ಕೆಡುತ್ತಪ್ಪ. ದಿಬ್ಬದಲ್ಲಿ ಬಸ್ಸಿನೊಳಗೆ ಏನಾಗುತ್ತೆ ಅಂತ ಯಾರು ನೋಡ್ಬೇಕು?"

ಏನೂ ಆಗುತ್ತಿರಲಿಲ್ಲ. ಹದಿನೈದು ಜನ ಬೆವರು ಸುರಿಸಿ, ಬೈದು, ನಕ್ಕು, ಪಂಚೆ ಬಿಗಿದು ತಳ್ಳುತ್ತಿದ್ದರು. ಒಳಗೆ ಒಬ್ಬರು ಕೋಟಿನ ಮೇಲಿನ ಮಸಿ ಕೊಡವಿಕೊಳ್ಳುತ್ತ ಕೂತಿರುತ್ತಿದ್ದರು, ಅಷ್ಟೆ.

ಇತ್ತ ಹೋಳೂರಿನಲ್ಲಿ ಅವರ ಮನೆಗೆ ಜನ ಬರತೊಡಗಿದರು. ಮುನಿಯಲ್ಲಪ್ಪನಿಗೂ ಗಂಗುಲಪ್ಪನವರಿಗೂ ಆರು ವರ್ಷದಿಂದ ಮಾತಿರಲಿಲ್ಲ. ಅವನ ಮನೆಯ ಸೂರಿನ ನೀರು ಇವರ ಅಂಗಳಕ್ಕೆ ಬೀಳುತ್ತದೆಂಬುದು ವ್ಯಾಜ್ಯ. ಒಂದು ಸಂಜೆ ಅವನು ತಲೆ ತಗ್ಗಿಸಿ ಬಂದು ಜಗಲಿಯ ಅಂಚಿನಲ್ಲಿ ಕೂತ.

"ಗಂಗುಲಪ್ಪಣ್ಣ, ನನ್ ಮೇಲೆ ಏನೂ ಇಟ್ಕೋಬೇಡ. ಮನಸ್ಸಲ್ಲಿ ಕೋಪ ಇಟ್ಕೊಂಡು ಹೋ… ಇಟ್ಕೊಂಡಿರಬಾರದು. ಸೂರಿನ ವಿಚಾರದಲ್ಲಿ ತಪ್ಪು ನಂದೇ."

"ನಾನು ಆರು ವರ್ಷದಿಂದ ಅದೇ ಹೇಳ್ತಿದೀನಲ್ಲ."

"ಈಗ ತಿಳೀತು ಅಣ್ಣ." ಮಾರನೆಯ ದಿನವೇ ಅವನು ಹೆಂಚು ಬಿಚ್ಚಿ ನೀರಿನ ದಾರಿ ತಿರುಗಿಸಿದ. ಒಂದೇ ದಿನದಲ್ಲಿ ಮುಗಿಸಬೇಕೆಂದು ಅವಸರಪಟ್ಟದ್ದೇಕೆ ಎಂದು ಯಾರೂ ಕೇಳಲಿಲ್ಲ.

ಮಾಸ್ತಿಯಿಂದ ಹೆಂಡತಿಯ ತಮ್ಮ ರಾಮಚಂದ್ರಪ್ಪ ಬಂದ. ಅಕ್ಕ ತೀರಿಕೊಂಡಾಗ ಬಂದು ಹೋದವನು, ಈಗ ಹೆಗಲ ಮೇಲೊಂದು ಕುಂಬಳಕಾಯಿ ಹೊತ್ತು, "ಭಾವಾ!" ಎಂದು ಕೂಗುತ್ತ ಬಂದ. ಬಂದವನು ಕಾಲು ತೊಳೆಯುವ ಮುಂಚೆ ಕತ್ತೆತ್ತಿ ಸೂರು ನೋಡಿದ. ಬೆರಳು ಮಡಿಸಿ ತೊಲೆಯನ್ನು ಟಕಟಕ ಬಡಿದ.

"ಭಾವ, ಇದು ಹೊನ್ನೆ ಮರಾನಾ?"

"ಹೊನ್ನೆಯೇ. ನಮ್ಮಪ್ಪ ಕಡಿಸಿದ್ದು."

"ಇನ್ನೂ ನೂರು ವರ್ಷ ಇರುತ್ತೆ," ಎಂದು ರಾಮಚಂದ್ರಪ್ಪ ಭಾವನ ಕಡೆ ತಿರುಗಿ ನಿಟ್ಟುಸಿರಿಟ್ಟ. "ಮರ ಇರುತ್ತೆ ಭಾವ."

"ಎಷ್ಟು ದಿನ ಇರ್ತೀಯಪ್ಪ?"

"ನೀವಿರೋ ತನಕ ಇರ್ತೀನಿ ಭಾವ."

ಗಂಗುಲಪ್ಪನವರು ಕುಂಬಳಕಾಯಿಯನ್ನು ತಾವೇ ಒಳಗೆ ಒಯ್ದರು. ಎಷ್ಟೋ ವರ್ಷದ ಮೇಲೆ ಅಂದು ಮುದ್ದೆ ಅರ್ಧ ಉಳಿಯಲಿಲ್ಲ. ಎರಡು ಎಲೆ ಹಾಕಿದರು. ಮುನಿಯಲ್ಲಪ್ಪ ಬಂದ, ಮೂರಾಯಿತು. ಸಾಯಂಕಾಲ ಗುಡಿಯಲ್ಲಿ ಮಂಗಳ ಹಾಡಿದ್ದೇ ತಡ, ಗಂಗುಲಪ್ಪನವರು ಎದ್ದು, "ಮನೇಲಿ ಜನ ಕಾಯ್ತಿರ್ತಾರೆ" ಎಂದು ಎಲ್ಲರಿಗೂ ಕೇಳುವಂತೆ ಹೇಳಿ, ಸರಸರ ನಡೆದುಬಿಟ್ಟರು. ಅವರ ಭಕ್ತಿ ಕಡಿಮೆಯಾಯಿತಲ್ಲಾ ಎಂದು ಅರ್ಚಕರು ನೊಂದುಕೊಂಡರು.

ಇಪ್ಪತ್ತಾರನೆಯ ದಿನ, ಕೋಲಾರದಿಂದ ಮರಳುವಾಗ, ದಿಬ್ಬದಲ್ಲಿ ಎಂದಿನಂತೆ ಬಸ್ಸು ನಿಂತಿತು. ಜನ ಇಳಿದರು. ಅಶ್ವತ್ಥಪ್ಪ ಬೆಂಕಿ ಕೆದಕಲೆಂದು ಹೋಗಿ, ಒಳಗಿನ ಹೊಗೆ ಆರುವ ಮುಂಚೆ ಮುಚ್ಚಳ ಎತ್ತಿದ. ಢಮಾರ್! ಮುಚ್ಚಳ ಒಂದು ಕಡೆ, ಅಶ್ವತ್ಥಪ್ಪ ಒಂದು ಕಡೆ, ಬಸ್ಸಿನೊಳಗೆಲ್ಲ ಕಾರ್ಗತ್ತಲು. ತಳ್ಳಲು ನಿಂತಿದ್ದ ಹದಿನೆಂಟು ಜನ ಅಲ್ಲಿಂದ ಕಿತ್ತ ಓಟ ಹೋಳೂರಿನ ಅರಳಿಕಟ್ಟೆಯವರೆಗೆ ನಿಲ್ಲಲಿಲ್ಲ. ಮೊದಲು ತಲುಪಿದವನು "ಬಸ್ಸು ಸಿಡೀತು" ಎಂದ. ಎರಡನೆಯವನು "ದಫೇದಾರ್ರು ಒಳಗಿದ್ರು" ಎಂದ. ಮೂರನೆಯವನು ಹೇಳಬೇಕಾದ್ದು ಏನೂ ಉಳಿದಿರಲಿಲ್ಲವಾದ್ದರಿಂದ, "ಪೇಟ ಮಾತ್ರ ಸಿಕ್ತು" ಎಂದ.

ನಿಜವಾಗಿ ಸಿಕ್ಕದೆ ಹೋದದ್ದು ಪೇಟ ಒಂದೇ. ಸದ್ದಿಗೆ ಅದು ಕಿಟಕಿಯಿಂದ ಹಾರಿ ಯಾವುದೋ ಹೊಲಕ್ಕೆ ಬಿದ್ದಿತ್ತು. ಹುಬ್ಬು ಸುಟ್ಟ ಅಶ್ವತ್ಥಪ್ಪನೂ ಅಡಿಯಿಂದ ಮುಡಿಯವರೆಗೆ ಮಸಿಯಾದ ಗಂಗುಲಪ್ಪನವರೂ ಅದನ್ನು ಹುಡುಕಿ ಸೋತು, ಮುಚ್ಚಳ ತಂದು ಮುಚ್ಚಿ, ಮತ್ತೆ ಇದ್ದಲು ಸುರಿದು, ಸರದಿಯ ಮೇಲೆ ಚಕ್ರ ತಿರುಗಿಸಿ, ಎರಡು ಗಂಟೆ ತಡವಾಗಿ ಊರು ಸೇರಿದರು. ಅರಳಿಕಟ್ಟೆಯಲ್ಲಿ ಒಂದು ನರಪಿಳ್ಳೆಯೂ ಇರಲಿಲ್ಲ. ಅಶ್ವತ್ಥಪ್ಪ ಬಸ್ಸು ನಿಲ್ಲಿಸಲು ಹೋದ. ಗಂಗುಲಪ್ಪನವರು ಮನೆಯ ದಾರಿ ಹಿಡಿದರು.

ಮನೆಯ ಮುಂದೆ ಊರೆಲ್ಲ ನೆರೆದಿತ್ತು. ಗಂಗುಲಪ್ಪನವರು ಹಿಂದೆ ನಿಂತಿದ್ದವನೊಬ್ಬನನ್ನು ಕೇಳಿದರು: "ಏನಪ್ಪಾ ಇಷ್ಟು ಜನ?"

ಅವನು ತಿರುಗಿ ನೋಡಿದ. ಪೇಟವಿಲ್ಲದ ಗಂಗುಲಪ್ಪನವರನ್ನು ಹೋಳೂರು ಅದುವರೆಗೆ ನೋಡಿಯೇ ಇರಲಿಲ್ಲ. ಇದ್ದಲು ಸುಡುವವನ್ಯಾರೋ ಎಂದುಕೊಂಡು, "ದಫೇದಾರ್ರು ಹೋಗ್ಬಿಟ್ರು" ಎಂದ.

"ಯಾವ ದಫೇದಾರ್ರು?"

"ಊರಿಗೆ ಇದ್ದಿದ್ದು ಒಬ್ರೇ ಅಲ್ವಾ."

ಗುಂಪೆಲ್ಲ ತಲೆ ಬಾಗಿಸಿ ನಿಂತಿತ್ತು. ಗಂಗುಲಪ್ಪನವರೂ ರೂಢಿಯಂತೆ ಚಪ್ಪಲಿ ಬಿಟ್ಟು, ಕೈಕಟ್ಟಿ, ತಲೆ ಬಾಗಿಸಿದರು. "ಪಾಪ, ಒಳ್ಳೇ ಮನುಷ್ಯ" ಎಂದರು.

ಒಳಗೆ ದೊಡ್ಡ ಜಗಳ ನಡೆಯುತ್ತಿತ್ತು.

"ಬೆಂಕಿ ಮಡಕೆ ನಾನು ಹಿಡೀಬೇಕು. ನಾನು ಅವರ ಹೆಂಡ್ತಿ ತಮ್ಮ!" ಇದು ರಾಮಚಂದ್ರಪ್ಪ.

"ಆರು ವರ್ಷದಲ್ಲಿ ಎಷ್ಟು ಸಲ ಬಂದಿದ್ಯಪ್ಪ ನೀನು? ನಾನು ಪಕ್ಕದ ಮನೆಯೋನು. ಅಣ್ಣ ಅಣ್ಣ ಅಂತ ಒಂದೇ ತಟ್ಟೇಲಿ ಉಂಡಿದೀನಿ!" ಇದು ಮುನಿಯಲ್ಲಪ್ಪ.

"ಲೇ, ಮೊದ್ಲು ಹೆಣ ತರ್ರೋ. ಆಮೇಲೆ ಮಡಕೆ ಹಿಡೀರಂತೆ" ಎಂದರು ಯಾರೋ ಹಿರಿಯರು.

ಇವರೆಲ್ಲರ ದನಿಯನ್ನೂ ಮೀರಿ, ಜಗಲಿಯ ಮೇಲೆ ಕಾಲು ಚಾಚಿ ಕೂತ ಆವಲಮ್ಮ, ಹೆಂಗಸರು ಹೆಣದ ಮುಂದೆ ಹಾಡಿಕೊಂಡು ಅಳುವ ರೀತಿಯಲ್ಲಿ, ರಾಗ ಎಳೆದು ಅಳುತ್ತಿದ್ದರು:

"ಅಯ್ಯೋ ನಮ್ಮಪ್ಪಾ, ಗೋಡೆ ಪಕ್ಕದಲ್ಲೇ ಇದ್ಯಲ್ಲೋ, ಕೆಮ್ಮಿದ್ರೆ ಕೇಳ್ತಿತ್ತಲ್ಲೋ… ಒಂದ್ ದಿನ ಬಾ ಅನ್ಲಿಲ್ಲವಲ್ಲೋ… ಹಿಂದೆ ಮುಂದೆ ಇಲ್ಲದೋನು ಅಂತ, ಸತ್ರೂ ಕೇಳೋರಿಲ್ಲ ಅಂತ, ಹುಡುಕಿ ಹುಡುಕಿ ಕೂರಿಸಿದ್ರಲ್ಲೋ…"

ದೊಡ್ಡನಾರಾಯಣಪ್ಪನವರು ಕಂಬ ಹಿಡಿದು ನಿಂತಿದ್ದವರು, "ನಾನೇನು ಮಾಡ್ಲಮ್ಮ? ಹಂಗಿರೋನು ಬೇಕು ಅಂದೆ. ಇವರ ಜಗಲಿ ಕಡೆ ನೋಡಿದ್ದು ನೀವೆಲ್ಲ ತಾನೇ?" ಎಂದರು.

ಗುಂಪಿನ ತಲೆಗಳು ಇನ್ನಷ್ಟು ಬಾಗಿದವು.

ಹಿಂದೆ ನಿಂತಿದ್ದ ಗಂಗುಲಪ್ಪನವರು ಮಸಿಯಾದ ಕೋಟಿನ ಗುಂಡಿಗಳನ್ನು ಒಂದೊಂದಾಗಿ ಮುಟ್ಟಿ ನೋಡಿಕೊಂಡರು. ಆಮೇಲೆ ಕತ್ತು ಚಾಚಿ, ಬಂದಿದ್ದವರ ತಲೆಗಳನ್ನು ಆ ತುದಿಯಿಂದ ಈ ತುದಿಯವರೆಗೆ ನಿಧಾನವಾಗಿ ನೋಡಿದರು. ಮಾವಿನ ತೋಪಿನವರು ಬಂದಿದ್ದರು. ಕೆರೆಯ ಆಚೆಯ ಬೀದಿಯವರೂ ಬಂದಿದ್ದರು. ಹೆಸರೂ ತಿಳಿಯದವರು ಎಷ್ಟೋ ಮಂದಿ. ಇನ್ನಷ್ಟು ಹೊತ್ತು ಹಾಗೆಯೇ ನಿಂತಿರುತ್ತಿದ್ದರೇನೋ, ಆದರೆ ಆವಲಮ್ಮನ ದನಿ ಒಡೆಯತೊಡಗಿತ್ತು. ಜನರನ್ನು ಸರಿಸಿಕೊಂಡು ಮುಂದೆ ಹೋಗಿ, "ಆವಲಮ್ಮ, ಸಾಕು ಬಿಡಿ. ನಾನು ಬದುಕಿದ್ದೀನಿ" ಎಂದರು.

"ಸುಮ್ನಿರಪ್ಪ ನೀನೊಬ್ಬ, ಅಳ್ತಿರೋವಾಗ!" ಎಂದು ಆವಲಮ್ಮ ತಲೆ ಎತ್ತದೆ ಗದರಿ, ಇನ್ನೊಂದು ಸಾಲು ರಾಗ ಎಳೆದು, ಅರ್ಧಕ್ಕೆ ನಿಲ್ಲಿಸಿ, ಕಣ್ಣು ಬಿಟ್ಟು ನೋಡಿ, ಕಿಟಾರನೆ ಕಿರುಚಿದರು. ಜಗಲಿಯ ಮೇಲಿದ್ದವರು ಕೆಳಕ್ಕೂ ಕೆಳಗಿದ್ದವರು ಬೀದಿಗೂ ಹಾರಿದರು. ರಾಮಚಂದ್ರಪ್ಪನೂ ಮುನಿಯಲ್ಲಪ್ಪನೂ ಬೆಂಕಿ ಮಡಕೆಯ ವ್ಯಾಜ್ಯ ಮರೆತು ಒಬ್ಬರನ್ನೊಬ್ಬರು ತಬ್ಬಿಕೊಂಡರು.

ಸತ್ತರೆಂದು ಅತ್ತರೆ ಆಯುಸ್ಸು ಹೆಚ್ಚುತ್ತದೆಂದು ಹಿರಿಯರು ಹೇಳಿದರು. ಆರತಿ ಎತ್ತಿ ಒಳಗೆ ಕರೆದುಕೊಂಡರು. ಎಲ್ಲರೂ ನಕ್ಕರು. ಗಂಗುಲಪ್ಪನವರೂ ನಕ್ಕರು. ಆದರೆ ಅವರಿಗೆ ನಿಜ ತಿಳಿಯಿತೆಂಬುದು ಎಲ್ಲರಿಗೂ ತಿಳಿದಿತ್ತು. ನಾಳೆ ಇವರು ಬಸ್ಸು ಹತ್ತುವುದಿಲ್ಲವೆಂದು ದೊಡ್ಡನಾರಾಯಣಪ್ಪನವರು ನಿಶ್ಚಯ ಮಾಡಿಕೊಂಡು ಮನೆಗೆ ಹೋದರು.

ಬೆಳಗ್ಗೆ ಬಸ್ಸಿಗೆ ಇದ್ದಲು ಸುರಿಯಲು ಬಂದ ಅಶ್ವತ್ಥಪ್ಪ ನೋಡುತ್ತಾನೆ, ಮುಂದಿನ ಸೀಟಿನಲ್ಲಿ ಗಂಗುಲಪ್ಪನವರು ಆಗಲೇ ಕೂತಿದ್ದಾರೆ. ತಲೆಗೆ ಟವಲು ಸುತ್ತಿದ್ದಾರೆ.

"ಸ್ವಾಮಿ, ನಿನ್ನೆ ಎಲ್ಲ ಕೇಳಿಸ್ಕೊಂಡ್ರಲ್ಲ?"

"ಕೇಳಿಸ್ಕೊಂಡೆ."

"ಆದ್ರೂ ಬಂದ್ರಾ?"

"ಇನ್ನೂ ನಾಲ್ಕು ದಿನ ಇದೆ ಕಣೋ ಅಶ್ವತ್ಥ" ಎಂದರು ಗಂಗುಲಪ್ಪನವರು. ಅಷ್ಟರಲ್ಲಿ ಆವಲಮ್ಮ ತಟ್ಟೆ ಹಿಡಿದು ಓಡೋಡಿ ಬಂದರು. ಒಮ್ಮೆ ಸದ್ದು ಕೇಳಿದ ಮೇಲೆ ಅವರ ಅಳು ಮೊದಲಿಗಿಂತ ಹಸನಾಗಿತ್ತು. ರೊಟ್ಟಿಯ ಸಂಖ್ಯೆ ಮೂರಕ್ಕೇರಿತ್ತು. ಆ ನಾಲ್ಕು ದಿನ ದಿಬ್ಬದಲ್ಲಿ ಗಂಗುಲಪ್ಪನವರೂ ಇಳಿದು, ಜನರ ನಡುವೆ ಭುಜ ಕೊಟ್ಟು ತಳ್ಳಿದರು. ಬಸ್ಸು ಮೇಲೇರಿದ ಮೇಲೂ ಇನ್ನಷ್ಟು ದೂರ ತಳ್ಳಿಕೊಂಡೇ ಹೋಗುತ್ತಿದ್ದರು.

ಮೂವತ್ತನೆಯ ದಿನ ಅಮಲ್ದಾರರು ಬಂದರು. ಕರವಸ್ತ್ರ ಮೂಗಿಗೆ ಹಿಡಿದು, ಹಂಡೆಯನ್ನು ಕೋಲಿನಿಂದ ತಟ್ಟಿ, ಎರಡು ಮಾರು ದೂರ ಹೋಗಿ ನಿಂತರು.

"ಇದು ಒಂದು ಸಲ ಸಿಡಿದಿದೆಯಂತೆ?"

"ಸಿಡಿದಿಲ್ಲ ಸ್ವಾಮಿ, ಮುಚ್ಚಳ ಹಾರಿತು ಅಷ್ಟೆ" ಎಂದರು ದೊಡ್ಡನಾರಾಯಣಪ್ಪನವರು ಬೆವರುತ್ತ.

"ಮೂವತ್ತು ದಿನವೂ ಇದರಲ್ಲಿ ಕೂತವರು ಯಾರು?"

ಗಂಗುಲಪ್ಪನವರು ಮುಂದೆ ಬಂದು ಸಲಾಮು ಮಾಡಿದರು.

"ನೀವು ಹೇಳಿ. ನನಗೇನೋ ಅನುಮಾನ. ಇನ್ನೂ ಒಂದು ತಿಂಗಳು, ಬೇಕಾದರೆ ಎರಡು ತಿಂಗಳು, ಪರೀಕ್ಷೆ ನಡೆಯಲಿ ಎಂದು ಬರೆಯಲೇ? ನೀವೇ ಕೂರಬಹುದು."

ಎರಡು ತಿಂಗಳು! ಗಂಗುಲಪ್ಪನವರ ಮುಖ ದೀಪ ಹಚ್ಚಿದಂತಾಯಿತು. ಅರವತ್ತು ಬೆಳಗಿನ ರೊಟ್ಟಿ, ಅರವತ್ತು ಸಂಜೆಯ ಜಗಲಿ. ಬಾಯಿ ತೆರೆದರು. ಎದುರಿಗೆ ದೊಡ್ಡನಾರಾಯಣಪ್ಪನವರು ಕೈಮುಗಿದುಕೊಂಡು ನಿಂತಿದ್ದರು. ಒಂದೇ ಬಸ್ಸಿನಲ್ಲಿ ಇನ್ನೆರಡು ತಿಂಗಳು ಕಂಪೆನಿ ಉಳಿಯುವುದಿಲ್ಲವೆಂಬುದು ಊರಿಗೇ ಗೊತ್ತಿತ್ತು. ಅವರ ಹಿಂದೆ ಆವಲಮ್ಮನ ಕಿರಿಯ ಸೊಸೆ ಭಾರತಮ್ಮ, ಏಳು ತಿಂಗಳ ಹೊಟ್ಟೆ ಹೊತ್ತುಕೊಂಡು, ಅಮಲ್ದಾರರನ್ನು ನೋಡಲು ಗೋಡೆಗೊರಗಿ ನಿಂತಿದ್ದಳು.

ಗಂಗುಲಪ್ಪನವರು ತೆರೆದ ಬಾಯಿ ಮುಚ್ಚಿ, ಮತ್ತೆ ತೆರೆದರು.

"ಬೇಡಿ ಸ್ವಾಮಿ. ಬಿಸಿ ಆರೋ ತನಕ ಮುಚ್ಚಳ ಎತ್ತದೆ ಇದ್ರೆ ಸಾಕು. ಬಸುರಿ ಬಾಣಂತಿ ಕೂತ್ರೂ ಭಯ ಇಲ್ಲ. ಇನ್ನು ಪರೀಕ್ಷೆ ಬೇಕಾಗಿಲ್ಲ."

ಅಮಲ್ದಾರರು ಸಹಿ ಹಾಕಿದರು. ಜನ ಜೈಕಾರ ಹಾಕಿದರು. ದೊಡ್ಡನಾರಾಯಣಪ್ಪನವರು ಗಂಗುಲಪ್ಪನವರಿಗೊಂದು ಹಾರ ಹಾಕಿದರು. ಅಲ್ಲಿಗೆ ಪರೀಕ್ಷೆ ಮುಗಿಯಿತು.

ಮರುದಿನ ರಾಮಚಂದ್ರಪ್ಪ ಗಂಟು ಕಟ್ಟಿದ. "ಬೆಳೆ ಕಡೆ ನೋಡ್ಕೋಬೇಕು ಭಾವ. ನಿಮ್ಮ ಆಯುಸ್ಸು ಗಟ್ಟಿ ಇದೆ, ಸಂತೋಷ" ಎಂದವನು ಕುಂಬಳಕಾಯಿಯಲ್ಲಿ ಉಳಿದಿದ್ದ ಅರ್ಧವನ್ನು ಟವಲಿನಲ್ಲಿ ಕಟ್ಟಿಕೊಂಡು, ಹೊಸ್ತಿಲಲ್ಲಿ ನಿಂತು ತೊಲೆಯ ಕಡೆ ಒಂದು ಕಡೆಯ ನೋಟ ಹಾಯಿಸಿ, ಹೋದ. ಮುನಿಯಲ್ಲಪ್ಪ ಏಣಿ ತಂದು ಸೂರಿನ ಹೆಂಚನ್ನು ಮೊದಲಿನ ಹಾಗೆಯೇ ಜೋಡಿಸತೊಡಗಿದ.

"ಏನೋ ಮುನಿಯಲ್ಲಪ್ಪ, ತಪ್ಪು ನಂದೇ ಅಂದಿದ್ದೆ?"

"ಅವಾಗ ನಿನ್ ಪರಿಸ್ಥಿತಿ ಬೇರೆ ಇತ್ತು. ಈಗ ಗಟ್ಟಿಮುಟ್ಟಾಗಿದೀಯ. ಬೇಕಾದ್ರೆ ಕೋರ್ಟಿಗೆ ಹೋಗು" ಎಂದ ಏಣಿಯ ಮೇಲಿನಿಂದ.

ಆವಲಮ್ಮ ಬರಲಿಲ್ಲ. ಹನ್ನೊಂದು ಜನರ ಒಲೆ, ಜೊತೆಗೆ ಬಸುರಿ ಸೊಸೆ. ಅವರಿಗೆ ಮುಖ ತೊಳೆಯಲು ಪುರಸೊತ್ತಿರಲಿಲ್ಲ. ಗಂಗುಲಪ್ಪನವರು ಬೆಳಗ್ಗೆ ಕೋಟು ತೊಟ್ಟು ಅರಳಿಕಟ್ಟೆಗೆ ಹೋದರೆ ಬಸ್ಸು ಕಿಕ್ಕಿರಿದಿತ್ತು. ಮುಂದಿನ ಸೀಟಿನಲ್ಲಿ ಮೂವರು ಕೂತಿದ್ದರು, ಅವರ ತೊಡೆಯ ಮೇಲೆ ಇಬ್ಬರು. "ಜಾಗ ಇಲ್ಲ ಸ್ವಾಮಿ, ನಾಳೆ ಬನ್ನಿ" ಎಂದ ಅಶ್ವತ್ಥಪ್ಪ. ಹದಿನೈದು ದಿನದೊಳಗೆ ಎರಡನೆಯ ಬಸ್ಸಿಗೂ ಹಂಡೆ ಕಟ್ಟಿಸಿ ತಂದರು. ಗಂಗುಲಪ್ಪನವರು ದೊಡ್ಡನಾರಾಯಣಪ್ಪನವರ ಹತ್ತಿರ ಹೋಗಿ, ಒಂದು ಸಿಡಿಯಲಿಲ್ಲವೆಂದ ಮಾತ್ರಕ್ಕೆ ಇನ್ನೊಂದು ಸಿಡಿಯುವುದಿಲ್ಲ ಎಂದು ಹೇಳಲಾಗುತ್ತದೆಯೇ, ಒಂದೊಂದನ್ನೂ ಬೇರೆ ಬೇರೆಯಾಗಿ ನೋಡುವುದು ಕ್ರಮವಲ್ಲವೇ ಎಂದು ಕೇಳಿದರು.

"ಸಹಿ ಬಿತ್ತಲ್ಲ ದಫೇದಾರ್ರೇ, ಇನ್ನೇನು ಪರೀಕ್ಷೆ?" ಎಂದರು ಮಾಲೀಕರು. "ನೀವು ಆರಾಮವಾಗಿ ಮನೇಲಿ ಕೂತ್ಕೊಳ್ಳಿ."

ಗಂಗುಲಪ್ಪನವರು ಮನೆಯಲ್ಲಿ ಕೂತರು. ಪುರಾಣ ಮುಗಿದ ಮೇಲೆ ಕಂಬಕ್ಕೊರಗಿಯೂ ಕೂತರು. ಅವರ ಭಕ್ತಿ ಮರಳಿ ಬಂದದ್ದಕ್ಕೆ ಅರ್ಚಕರು ಸಂತೋಷಪಟ್ಟರು.

ಒಂದು ಸಂಜೆ, ಗೋಡೆಯಾಚೆ ಆವಲಮ್ಮ ಹಸುವಿಗೆ ಹುಲ್ಲು ಹಾಕುತ್ತಿರುವ ಸದ್ದಾಯಿತು. ಗಂಗುಲಪ್ಪನವರು ಗೋಡೆಯ ಹತ್ತಿರ ಹೋಗಿ ನಿಂತರು. ಸ್ವಲ್ಪ ಹೊತ್ತು ನಿಂತರು. ಅಮಲ್ದಾರರೆದುರು ನಿಜ ಹೇಳಿದ ಮನುಷ್ಯ, ಗಂಟಲು ಸರಿಮಾಡಿಕೊಂಡು ಹೇಳಿದರು:

"ಆವಲಮ್ಮಾ, ನಾಳೆಯಿಂದ ಎರಡನೇ ಬಸ್ಸಿನ ಪರೀಕ್ಷೆ. ನನ್ನೇ ಕರೆದಿದಾರೆ."

ಹುಲ್ಲಿನ ಸದ್ದು ನಿಂತಿತು. ಆವಲಮ್ಮನ ಎರಡನೆಯ ಮಗ ಅಂದು ಮಧ್ಯಾಹ್ನ ತಾನೇ ಅದೇ ಎರಡನೆಯ ಬಸ್ಸಿನಲ್ಲಿ, ಐವತ್ತು ಜನರ ನಡುವೆ ಒಂಟಿಕಾಲಲ್ಲಿ ನಿಂತು, ಕೋಲಾರದಿಂದ ಬಂದು, ಈಗ ಅವರ ಕಣ್ಣೆದುರಿಗೇ ಜಗಲಿಯ ಮೇಲೆ ಮಲಗಿ ಗೊರಕೆ ಹೊಡೆಯುತ್ತಿದ್ದ.

"ಹೌದಾ?" ಎಂದರು ಆವಲಮ್ಮ.

"ಇದು ಮೊದಲಿನದಕ್ಕಿಂತ ಅಪಾಯ ಅಂತೆ."

ಆವಲಮ್ಮ ಗೊರಕೆ ಹೊಡೆಯುತ್ತಿದ್ದ ಮಗನನ್ನೊಮ್ಮೆ ನೋಡಿ, ಗೋಡೆಯ ಹತ್ತಿರಕ್ಕೆ ಬಂದರು.

"ಹೊತ್ತೆಷ್ಟಕ್ಕೆ ಹೊರಡುತ್ತಪ್ಪಾ?"

"ಏಳಕ್ಕೆ."

"ಏಳಕ್ಕಾದ್ರೆ ನಾನು ಆರಕ್ಕೇ ಬರ್ಬೇಕು" ಎಂದರು ಆವಲಮ್ಮ. "ಅಳೋದಕ್ಕೂ ಒಂದಿಷ್ಟು ಹೊತ್ತು ಬೇಕಲ್ಲ."